ಹಳೇ ಹೋಂಡಾ ಶಿಫ್ಟರ್ ಕಾರ್ಟ್ ತಗೊಂಡೆ, ಸೆಟಪ್ ಎಲ್ಲಿಂದ ಶುರು ಮಾಡಲಿ?

ಹಾಸನ_ಟು_ಫ್ರೀಮಾಂಟ್:

ಎಲ್ಲರಿಗೂ ನಮಸ್ಕಾರ. ಊರು ಹಾಸನ, ಈಗ ಇರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್. ಮೂರು ವರ್ಷ ಬಾಡಿಗೆ ಕಾರ್ಟ್, ಆಮೇಲೆ ಸ್ನೇಹಿತನ ಸಿಂಗಲ್ ಸ್ಪೀಡ್ ಕಾರ್ಟ್‌ನಲ್ಲಿ ಒಂದು ಸೀಸನ್ ಓಡಿಸಿದ್ದೇನೆ. ಹೋದ ತಿಂಗಳು ಆಸೆ ತಡೆಯದೆ ಒಂದು ಸೆಕೆಂಡ್ ಹ್ಯಾಂಡ್ ಶಿಫ್ಟರ್, ಅಂದರೆ ಗೇರ್ ಇರುವ ರೇಸ್ ಕಾರ್ಟ್, ತಗೊಂಡೆ. ಹೋಂಡಾ ಸಿಆರ್125 ಎಂಜಿನ್, ಆರು ಗೇರ್, ಇಟಲಿಯ ಚಾಸಿ, 50 ಎಂಎಂ ಆಕ್ಸಲ್, ಮುಂದೂ ಹಿಂದೂ ಬ್ರೇಕ್. ಕ್ಲಬ್ಬಿನ ರೇಸ್ ಶುರುವಾಗಲು ಇನ್ನು ಏಳು ವಾರ ಇದೆ. ನಮ್ಮ ಕ್ಲಾಸಿಗೆ ಡ್ರೈವರ್ ಸೇರಿಸಿ ಕನಿಷ್ಠ ತೂಕ 385 ಪೌಂಡ್.

ಎರಡು ಸಲ ಸೊನೋಮಾದ ಕಾರ್ಟ್ ಟ್ರ್ಯಾಕಿಗೆ ಹೋಗಿ ಬಂದೆ. ಭಯವೂ ಆಯಿತು, ಖುಷಿಯೂ ಆಯಿತು. ತೊಂದರೆ ಮೂರು. ಒಂದು, ನಿಧಾನದ ತಿರುವುಗಳಲ್ಲಿ ಸ್ಟಿಯರಿಂಗ್ ತಿರುಗಿಸಿದರೂ ಮೂತಿ ಒಳಕ್ಕೆ ಬರುವುದಿಲ್ಲ, ನೇರ ಹೋಗುತ್ತದೆ. ಇನ್ನೂ ತಿರುಗಿಸಿದರೆ ಇದ್ದಕ್ಕಿದ್ದ ಹಾಗೆ ಹಿಡಿದುಕೊಂಡು ಕುಪ್ಪಳಿಸುತ್ತದೆ. ಎರಡು, ಹೇರ್‌ಪಿನ್‌ನಿಂದ ಹೊರಗೆ ಬರುವಾಗ ಎಂಜಿನ್ ‘ಬ್ವಾಆ’ ಅಂತ ಒದ್ದಾಡಿ ಆಮೇಲೆ ಎಳೆಯುತ್ತದೆ. ಮೂರು, ಹತ್ತು ಲ್ಯಾಪ್ ಆಗುವಷ್ಟರಲ್ಲಿ ಕೈ ಸತ್ತುಹೋಗುತ್ತದೆ, ಪಕ್ಕೆಲುಬು ನೋಯುತ್ತದೆ.

ಮಾರಿದವರು ಆರಡಿ ಎತ್ತರ, 95 ಕೆಜಿ ಇದ್ದರು. ನಾನು ಹೆಲ್ಮೆಟ್, ಸೂಟ್ ಎಲ್ಲ ಸೇರಿ 165 ಪೌಂಡ್, ಅಂದರೆ 75 ಕೆಜಿ. ಸೀಟು ದೊಡ್ಡದಾಯಿತು ಅಂತ ಒಳಗೆ ಫೋಮ್ ಅಂಟಿಸಿದ್ದೇನೆ. ತೂಕ ಸಾಲದ್ದಕ್ಕೆ ಸೀಟಿನ ಬೆನ್ನಿಗೆ 15 ಪೌಂಡ್ ಸೀಸ ಕಟ್ಟಿದ್ದೇನೆ. ಅವರು ಪೆನ್ಸಿಲ್‌ನಲ್ಲಿ ಬರೆದ ಸೆಟಪ್ ಹಾಳೆ ಮತ್ತು ಒಂದು ಡಬ್ಬಿ ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತಿನ ಸಣ್ಣ ತಿರುಪು) ಕೊಟ್ಟಿದ್ದಾರೆ. ಮೆತ್ತನೆ ಆಕ್ಸಲ್ ಒಂದು, ಹೊಸ ಟೈರ್ ಒಂದು ಸೆಟ್ ತಗೊಂಡು, ಕಾರ್ಬುರೇಟರ್ ಜೆಟ್ ಬದಲಾಯಿಸೋಣ ಅಂತಿದ್ದೇನೆ. ಮನೆಯಲ್ಲಿ ಮಂಜೂರಾಗಿರುವುದು 800 ಡಾಲರ್. ಸರಿಯಾದ ದಾರಿಯಲ್ಲಿದ್ದೀನಾ?

ಯೆಜ್ಡಿ_ಗ್ಯಾರೇಜು:

ತಮ್ಮಾ, ಮೊದಲು ಆ 800 ಡಾಲರ್ ಜೇಬಿನಲ್ಲೇ ಇಟ್ಟುಕೋ. ಆಕ್ಸಲ್ ಬೇಡ. ಜೆಟ್ ಡಬ್ಬಿಯ ಮುಚ್ಚಳ ಈಗಲೇ ತೆಗೆಯಬೇಡ. ಆ ಪೆನ್ಸಿಲ್ ಹಾಳೆಯನ್ನು ಮಡಚಿ ಡ್ರಾಯರಿಗೆ ಹಾಕು. ಅದು 95 ಕೆಜಿ ಮನುಷ್ಯನ ಸೆಟಪ್. ಅವರ ಕನ್ನಡಕ ಹಾಕಿಕೊಂಡು ನೀನು ಓದಲು ಹೊರಟಿದ್ದೀಯ.

ನಾನು ಮೈಸೂರಿನವನು. ನಮ್ಮ ಚಿಕ್ಕಪ್ಪನ ಗ್ಯಾರೇಜು ಯಾದವಗಿರಿ ಹತ್ತಿರ ಇತ್ತು, ಯೆಜ್ಡಿ ಫ್ಯಾಕ್ಟರಿಯ ನೆರಳಿನಲ್ಲೇ ಅನ್ನಬಹುದು. 1996ರಲ್ಲಿ ಫ್ಯಾಕ್ಟರಿ ಮುಚ್ಚಿದ ಮೇಲೂ ಬಹಳ ವರ್ಷ ಅಲ್ಲಿ ಯೆಜ್ಡಿ ರಿಪೇರಿ ಬಿಟ್ಟು ಬೇರೆ ಕೆಲಸ ಇರಲಿಲ್ಲ. ಈಗ ಸ್ಯಾಕ್ರಮೆಂಟೊ ಕಡೆ ಇದ್ದೇನೆ, ಹನ್ನೊಂದು ವರ್ಷದಿಂದ ಹೋಂಡಾ ಶಿಫ್ಟರ್ ಓಡಿಸುತ್ತಿದ್ದೇನೆ. ಗೆದ್ದದ್ದು ಕಡಿಮೆ, ಬಿಚ್ಚಿ ಜೋಡಿಸಿದ್ದು ಜಾಸ್ತಿ. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಒಂದು ವಿಷಯ ತಲೆಗೆ ಹೋದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಕಾರ್ಟಿಗೆ ಡಿಫರೆನ್ಷಿಯಲ್ ಇಲ್ಲ. ಹಿಂದಿನ ಎರಡೂ ಚಕ್ರ ಒಂದೇ ಆಕ್ಸಲ್ಲಿಗೆ ಬಿಗಿದಿವೆ, ಒಟ್ಟಿಗೇ ಸುತ್ತುತ್ತವೆ. 1956ರಲ್ಲಿ ಇದೇ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗೆಲ್ಸ್ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ ಹಾಕಿ ಮೊದಲ ಕಾರ್ಟ್ ಮಾಡಿದ. ಅಲ್ಲಿಂದ ಇಲ್ಲಿವರೆಗೂ ರೇಸ್ ಕಾರ್ಟಿಗೆ ಸಸ್ಪೆನ್ಷನ್ನೂ ಬರಲಿಲ್ಲ, ಡಿಫರೆನ್ಷಿಯಲ್ಲೂ ಬರಲಿಲ್ಲ. ತಿರುವಿನಲ್ಲಿ ಒಳಗಿನ ಚಕ್ರ ಕಡಿಮೆ ದೂರ ಹೋಗಬೇಕು, ಹೊರಗಿನದು ಜಾಸ್ತಿ. ಎರಡೂ ನೆಲ ಕಚ್ಚಿಕೊಂಡಿದ್ದರೆ ಗಾಡಿ ನೇರ ಹೋಗಲು ನೋಡುತ್ತದೆ. ಆದ್ದರಿಂದ ತಿರುವಿನ ಬಾಯಲ್ಲಿ ಒಳಗಿನ ಹಿಂದಿನ ಚಕ್ರ ನೆಲ ಬಿಡಬೇಕು. ತುಂಬಾ ಬೇಡ, ಕೆಳಗೆ ಒಂದು ರಟ್ಟು ತೂರುವಷ್ಟು ಸಾಕು.

ಅದನ್ನು ಎತ್ತುವುದು ಯಾರು? ಸ್ಟಿಯರಿಂಗ್ ತಿರುಗಿಸಿದಾಗ ಕ್ಯಾಸ್ಟರ್ (ಮುಂದಿನ ಚಕ್ರ ತಿರುಗುವ ಪಿನ್ನು ಹಿಂದಕ್ಕೆ ವಾಲಿರುವ ಕೋನ) ದೆಸೆಯಿಂದ ಒಳಗಿನ ಮುಂದಿನ ಚಕ್ರ ನೆಲವನ್ನು ಒತ್ತುತ್ತದೆ, ಹೊರಗಿನದು ಮೇಲೇಳುತ್ತದೆ. ಆ ಒತ್ತಡಕ್ಕೆ ಫ್ರೇಮು ತಿರುಚಿಕೊಂಡು ಅದೇ ಒಳಗಿನ ಬದಿಯ ಹಿಂದಿನ ಚಕ್ರ ಎದ್ದು ಬರುತ್ತದೆ. ಜೊತೆಗೆ ನಿನ್ನ ಮೈಭಾರ ಸೀಟಿನ ಮೂಲಕ ಹೊರಗಿನ ಹಿಂದಿನ ಚಕ್ರದ ಮೇಲೆ ಬೀಳುತ್ತದೆ. ಕಾರ್ಟಿನಲ್ಲಿ ಎಲ್ಲಕ್ಕಿಂತ ಭಾರವಾದ ಸಾಮಾನು ನೀನೇ ಅಲ್ವಾ? ನೀನು ಎಲ್ಲಿ ಕೂತಿದ್ದೀಯ ಅನ್ನುವುದೇ ಮೊದಲ ಸೆಟಪ್ಪು. ಹಿಂದೆ ಕೂತಿದ್ದರೆ ಆ ಚಕ್ರ ಏಳುವುದಿಲ್ಲ. ನೀನು ಇನ್ನೂ ಇನ್ನೂ ತಿರುಗಿಸುತ್ತೀಯ, ಕೊನೆಗೆ ತಡವಾಗಿ ಒಂದೇ ಸಲ ಎದ್ದು ದೊಪ್ಪನೆ ಬೀಳುತ್ತದೆ. ನೀನು ಹೇಳುವ ಕುಪ್ಪಳಿಕೆ ಇದೇ ಇರಬೇಕು. ಕೈ ಸಾಯುವುದೂ ಅದರಿಂದಲೇ.

ಈಗ ಮನೆಗೆಲಸ. ಒಂದೇ ಕಂಪನಿಯ ನಾಲ್ಕು ಬಾತ್‌ರೂಮ್ ತಕ್ಕಡಿ ತಾ. ಗ್ಯಾರೇಜಿನ ನೆಲ ಸಮ ಇರುವುದಿಲ್ಲ, ಆದ್ದರಿಂದ ನೀರು ಮಟ್ಟ ಇಟ್ಟು ನೋಡಿ, ತಗ್ಗಿದ್ದ ಕಡೆ ತಕ್ಕಡಿಯ ಕೆಳಗೆ ತೆಳುವಾದ ಟೈಲ್ಸ್ ತುಂಡು ಕೊಡು. ನಾಲ್ಕೂ ಟೈರಿಗೆ 12 ಪಿಎಸ್ಐ ಗಾಳಿ. ಸ್ಟಿಯರಿಂಗ್ ನೇರ. ನೀನು ಸೂಟು, ಹೆಲ್ಮೆಟ್, ಶೂ ಎಲ್ಲ ಹಾಕಿಕೊಂಡು ಓಡಿಸುವ ಹಾಗೇ ಕೂರಬೇಕು. ನಂಬರ್ ಓದಲು ಬಗ್ಗಿ ನೋಡಬೇಡ, ಬಗ್ಗಿದರೆ ಭಾರ ಮುಂದಕ್ಕೆ ಹೋಗುತ್ತದೆ. ಬೇರೆಯವರು ಓದಲಿ. ನಾಲ್ಕು ನಂಬರ್ ಇಲ್ಲಿ ಹಾಕು, ಆಮೇಲೆ ಮಾತಾಡೋಣ.

ಅಷ್ಟರಲ್ಲಿ ಗಾಡಿ ತೊಳೆದು ಫ್ರೇಮ್ ನೋಡು. ಸೀಟ್ ಹಿಡಿಯುವ ಕಂಬಗಳ ಬುಡ, ಆಕ್ಸಲ್ ಬೇರಿಂಗ್ ಕೂರುವ ಜಾಗ, ಬಿರುಕು ಬಿಡುವುದು ಇಲ್ಲೇ. ಬ್ಯಾಟರಿ ಹಾಕಿ ನೋಡು, ಕಣ್ಣಿಗೆ ಕಾಣದಿದ್ದರೆ ಉಗುರು ಆಡಿಸು. ಆಕ್ಸಲ್ಲನ್ನು ಕೈಯಲ್ಲಿ ಸುತ್ತಿಸಿ ಓಲಾಡುತ್ತದಾ ಅಂತ ನೋಡು. ಬೆಂಡ್ ಆದ ಗಾಡಿಗೆ ಸೆಟಪ್ ಮಾಡುವುದು ಒಡೆದ ಪಾತ್ರೆಗೆ ನೀರು ತುಂಬಿದ ಹಾಗೆ.

ಹಾಸನ_ಟು_ಫ್ರೀಮಾಂಟ್:

ಅಣ್ಣಾ, ಇಷ್ಟು ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ‘ಬ್ಯಾಟರಿ ಹಾಕಿ ನೋಡು’ ಓದಿ ಕಾರ್ಟಿಗೆ ಬ್ಯಾಟರಿ ಎಲ್ಲಿದೆ ಅಂತ ಎರಡು ನಿಮಿಷ ಹುಡುಕಿದೆ. ಆಮೇಲೆ ಟಾರ್ಚು ಅಂತ ಹೊಳೆಯಿತು. ಎಷ್ಟು ವರ್ಷವಾಯಿತು ಈ ಮಾತು ಕೇಳಿ!

ಫ್ರೇಮಿನಲ್ಲಿ ಬಿರುಕಿಲ್ಲ. ಹೆಂಡತಿ ನಂಬರ್ ಓದಿದಳು. “ನಾಲ್ಕು ತಕ್ಕಡಿ ತಂದಿದ್ದೀರ, ಒಂದರ ಮೇಲಾದರೂ ನೀವು ದಿನಾ ನಿಲ್ಲಬಾರದಾ” ಅಂತ ಅಂದಳು, ಅದು ಬೇರೆ ವಿಷಯ.

ಎಡ ಮುಂದೆ 81, ಬಲ ಮುಂದೆ 77. ಎಡ ಹಿಂದೆ 110, ಬಲ ಹಿಂದೆ 117. ಒಟ್ಟು 385 ಪೌಂಡ್.

ಯೆಜ್ಡಿ_ಗ್ಯಾರೇಜು:

ನೋಡಿದೆಯಾ? ಮುಂದೆ 158, ಅಂದರೆ ನೂರಕ್ಕೆ 41. ಶಿಫ್ಟರಿಗೆ ನಾನು 43ರ ಸುತ್ತಮುತ್ತ ಇಟ್ಟು ಶುರು ಮಾಡುತ್ತೇನೆ. ಎಡ ಬಲ ಹೆಚ್ಚುಕಡಿಮೆ ಸಮ ಇದೆ, ಅದು ಅದೃಷ್ಟ. ಎಂಜಿನ್ ಬಲಗಡೆ ಇರುವುದರಿಂದಲೇ ಸೀಟು ಸ್ವಲ್ಪ ಎಡಕ್ಕೆ ಕೂತಿರುತ್ತದೆ, ಅದನ್ನು ಹಾಗೇ ಬಿಡು.

ಲೆಕ್ಕ ಸುಲಭ. ನೀನು 165, ಸೀಸ 15, ಒಟ್ಟು 180 ಪೌಂಡ್. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಅಂತರ ಸುಮಾರು 1045 ಮಿಲಿಮೀಟರ್. ಸೀಟನ್ನು 3 ಸೆಂಟಿಮೀಟರ್ ಮುಂದೆ ತಂದರೆ 5 ಪೌಂಡ್ ಚಿಲ್ಲರೆ ಮುಂದಕ್ಕೆ ಹೋಗುತ್ತದೆ. ಸೀಟಿನ ಬೆನ್ನಿಗೆ ಕಟ್ಟಿದ ಸೀಸದಲ್ಲಿ 10 ಪೌಂಡ್ ಬಿಚ್ಚಿ 30 ಸೆಂಟಿಮೀಟರ್ ಮುಂದೆ, ತೊಡೆಯ ಕೆಳಗೆ ಬರುವ ಹಾಗೆ ಸೀಟಿನ ತುಟಿಗೆ ಹಾಕು. ಅದರಿಂದ ಇನ್ನೊಂದು 3 ಪೌಂಡ್. ಮುಂದೆ 166 ಆಯಿತು, ನೂರಕ್ಕೆ 43. ಒಂದು ಪೈಸೆ ಖರ್ಚಿಲ್ಲ.

ಆದರೆ ಸೀಟು ಹೊಸದು ಬೇಕು. ನಿನ್ನ 800 ಡಾಲರಿನಲ್ಲಿ ಮೊದಲ ಖರ್ಚು ಅದೇ. ಫೋಮ್ ಕಿತ್ತು ಬಿಸಾಡು. ಫೋಮ್ ಇದ್ದರೆ ನೀನು ತಿರುವಿಗೆ ಅರ್ಧ ಕ್ಷಣ ತಡವಾಗಿ ವಾಲುತ್ತೀಯ, ಭಾರ ಚಕ್ರಕ್ಕೆ ಸರಿಯಾಗಿ ಇಳಿಯುವುದಿಲ್ಲ. ಪಕ್ಕೆಲುಬು ಹೊಡೆದುಕೊಳ್ಳುವುದೂ ಆ ಸಡಿಲದಲ್ಲೇ. ಸೊಂಟದ ಹತ್ತಿರ ಬಿಗಿಯಾಗಿ ಹಿಡಿಯುವ ಸೀಟು ತಗೋ. ರಿಬ್ ವೆಸ್ಟ್ (ಪಕ್ಕೆಲುಬು ಕಾಯುವ ಕವಚ) ಹಾಕಿಕೊಂಡೇ ಕೂತು ನೋಡಿ ತಗೋ. ರಿಬ್ ವೆಸ್ಟ್ ಇಲ್ಲ ಅಂದರೆ ಸೀಟಿಗಿಂತ ಮೊದಲು ಅದು. ಕಾರ್ಟಿಗೆ ಸೀಟ್ ಬೆಲ್ಟ್ ಇಲ್ಲ, ನಿನ್ನನ್ನು ಹಿಡಿದಿರುವುದು ಆ ಫೈಬರ್ ಬುಟ್ಟಿ ಒಂದೇ.

ಸೀಟ್ ಕೂರಿಸುವುದು ಅವಸರದ ಕೆಲಸ ಅಲ್ಲ. ನಾನು ಮೊದಲ ಸಲ ಒಂದೇ ಗಂಟೆಯಲ್ಲಿ ಮುಗಿಸಿದೆ, ಒಂದು ವರ್ಷ ಅನುಭವಿಸಿದೆ. ಗಾಡಿಯನ್ನು ಸಮ ನೆಲದ ಮೇಲೆ ಇಡು. ಫ್ರೇಮಿನ ಪೈಪು ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ದಪ್ಪದ ಮರದ ಪಟ್ಟಿ ಸೀಟಿನ ಕೆಳಗೆ ಕೊಟ್ಟು ಸೀಟ್ ಇಡು. ಸೀಟಿನ ತಳ ಪೈಪಿಗಿಂತ ಕೆಳಗೆ ಇಳಿಯಬಾರದು, ಇಳಿದರೆ ಕರ್ಬ್ (ಟ್ರ್ಯಾಕಿನ ಅಂಚಿನ ದಿಬ್ಬ) ಹತ್ತಿದಾಗ ಉಜ್ಜಿ ಸವೆಯುತ್ತದೆ. ಆಕ್ಸಲ್ಲಿನಿಂದ ಸೀಟಿನ ಮೇಲಂಚಿಗೆ ಅಳತೆ, ಮುಂದಿನ ಅಡ್ಡಪೈಪಿನಿಂದ ಸೀಟಿನ ತುಟಿಗೆ ಅಳತೆ, ಎರಡನ್ನೂ ಚಾಸಿ ಕಂಪನಿಯ ಪುಸ್ತಕದಲ್ಲಿ ಕೊಟ್ಟಿರುತ್ತಾರೆ. ಅಲ್ಲಿಂದ ಶುರು. ಟೇಪಿನಲ್ಲಿ ಅಂಟಿಸಿ, ಕೂತು, ಪೆಡಲ್ ತುಳಿದು, ಸ್ಟಿಯರಿಂಗ್ ತಿರುಗಿಸಿ ನೋಡು. ಮತ್ತೆ ತಕ್ಕಡಿ ಮೇಲೆ ಹತ್ತಿಸು. ಎಲ್ಲ ಸರಿ ಅನಿಸಿದ ಮೇಲೆ ತೂತು ಕೊರೆ.

ಇಲ್ಲೊಂದು ಗುಟ್ಟು ಇದೆ. ಕಂಬಕ್ಕೂ ಸೀಟಿಗೂ ನಡುವೆ ಸಂದು ಇದ್ದರೆ ಬೋಲ್ಟ್ ಬಿಗಿದು ಸೀಟನ್ನು ಎಳೆದು ಕೂರಿಸಬೇಡ. ಆ ಸಂದಿಗೆ ಸರಿಯಾದ ದಪ್ಪದ ವಾಷರ್ ತುಂಬು. ಎಳೆದು ಬಿಗಿದರೆ ಸೀಟು ಫ್ರೇಮನ್ನು ಒಂದು ಕಡೆಗೆ ಜಗ್ಗಿಕೊಂಡೇ ಇರುತ್ತದೆ. ಎಡ ತಿರುವಿನಲ್ಲಿ ಒಂದು ಗಾಡಿ, ಬಲ ತಿರುವಿನಲ್ಲಿ ಇನ್ನೊಂದು ಗಾಡಿ ಆಗಿಬಿಡುತ್ತದೆ. ನಾನು ಅದನ್ನೇ ಮಾಡಿದ್ದೆ. ಒಂದು ವರ್ಷ ಕ್ಯಾಸ್ಟರ್, ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿವೆ ಅನ್ನುವ ಅಳತೆ), ಗಾಳಿ ಎಲ್ಲ ಬದಲಾಯಿಸಿದೆ. ಕೊನೆಗೆ ಒಬ್ಬ ಹಳೇ ಮೆಕ್ಯಾನಿಕ್ಕು ಸೀಟಿನ ಒಂದು ಬೋಲ್ಟ್ ಸಡಿಲ ಮಾಡಿದ. ಸೀಟು ‘ಟಪ್’ ಅಂತ ಅರ್ಧ ಇಂಚು ಪಕ್ಕಕ್ಕೆ ಹಾರಿತು. ಅವನು ನನ್ನ ಮುಖ ನೋಡಿದ, ಏನೂ ಹೇಳಲಿಲ್ಲ.

ಇನ್ನು ಹೇರ್‌ಪಿನ್‌ನ ‘ಬ್ವಾಆ’. ಅಲ್ಲಿ ಯಾವ ಗೇರಿನಲ್ಲಿದ್ದೆ, ನಿಜ ಹೇಳು. ಮೂರನೆಯದು ಅಲ್ವಾ? ಈ ಎಂಜಿನ್ ಸುಮಾರು 9000 ಆರ್‌ಪಿಎಂ ದಾಟಿದ ಮೇಲೆ ಎಚ್ಚರವಾಗುತ್ತದೆ, ಅದರ ಕೆಳಗೆ ನಿದ್ದೆ. ಯೆಜ್ಡಿ ತರ ಕೆಳಗಿನಿಂದ ಎಳೆಯುವುದಿಲ್ಲ. ಅಲ್ಲಿ ಎರಡನೆಯದಕ್ಕೆ ಇಳಿಸು. ಅದು ಜೆಟ್ ತೊಂದರೆ ಅಲ್ಲ, ಎಡಗಾಲಿನ ಬ್ರೇಕು, ಬಲಗೈ ಗೇರಿನ ತೊಂದರೆ.

ಉಡುಪಿ_ಕೆಝಡ್:

ಮಾರಾಯ್ರೇ, ಯೆಜ್ಡಿ ಅಣ್ಣ ಹೇಳಿದ್ದಕ್ಕೆ ನನ್ನದೂ ಒಂದು ಹೌದು. ನಾನು ಜರ್ಮನಿಯಲ್ಲಿದ್ದೇನೆ, ಕೆರ್ಪೆನ್ ಹತ್ತಿರ, ಫಾರ್ಮುಲಾ ಒನ್‌ನ ಶೂಮಾಕರ್ ಬೆಳೆದ ಊರು. ಇಲ್ಲಿ ಶಿಫ್ಟರ್ ಅಂದರೆ ಕೆಝಡ್ ಕ್ಲಾಸು. 2013ರಲ್ಲಿ ಮ್ಯಾಕ್ಸ್ ವೆರ್‌ಸ್ಟಾಪನ್ ವಿಶ್ವ ಚಾಂಪಿಯನ್ ಆದದ್ದು ಇದೇ ಕ್ಲಾಸಿನಲ್ಲಿ. ನನ್ನದು ಟಿಎಂ ಎಂಜಿನ್, 30 ಎಂಎಂ ಡೆಲ್ಲೋರ್ಟೊ ಕಾರ್ಬುರೇಟರ್. ನಿಮ್ಮ ಹೋಂಡಾ ಮೋಟೋಕ್ರಾಸ್ ಬೈಕಿನಿಂದ ಬಂದದ್ದು, ನನ್ನ ಟಿಎಂ ಕಾರ್ಟಿಗೆಂದೇ ಮಾಡಿದ್ದು. ಪಿಸ್ಟನ್ ಬೇಗ ಬೇಗ ಬದಲಾಯಿಸಬೇಕು, ಜೇಬು ಖಾಲಿ. ನೀವು ಹೋಂಡಾದಿಂದ ಶುರು ಮಾಡಿದ್ದು ಒಳ್ಳೆಯದೇ ಆಯಿತು. ಆದರೆ ಹೋಂಡಾದವರು ಸಿಆರ್125 ನಿಲ್ಲಿಸಿದ್ದು 2007ರಲ್ಲಿ. ನಿಮ್ಮ ಕ್ಲಬ್ಬಿನ ರೂಲ್ ಬುಕ್ಕಿನಲ್ಲಿ ಈ ಎಂಜಿನ್ ಇನ್ನೂ ಎಷ್ಟು ವರ್ಷ ಇರುತ್ತದೆ ಅಂತ ಒಂದು ಮಾತು ಕೇಳಿಕೊಳ್ಳಿ.

ನನ್ನದು ಎರಡೇ ಮಾತು. ಟೈರಿನ ಗಾಳಿಯನ್ನು ತಣ್ಣಗಿರುವಾಗ ನೋಡಿ ಸುಮ್ಮನಾಗಬೇಡಿ. ಟ್ರ್ಯಾಕಿನಿಂದ ಒಳಗೆ ಬಂದ ಕೂಡಲೇ, ಹೆಲ್ಮೆಟ್ ತೆಗೆಯುವ ಮೊದಲೇ ನೋಡಿ ಬರೆಯಿರಿ. ನಾಲ್ಕರಲ್ಲಿ ಒಂದು ಟೈರು ಮಾತ್ರ ಜಾಸ್ತಿ ಏರಿದ್ದರೆ, ಆ ಮೂಲೆ ಜಾಸ್ತಿ ದುಡಿಯುತ್ತಿದೆ ಅಂತ. ಎರಡನೆಯದು ಟೋ. ಅಳೆಯುವ ಲೇಸರ್ ತಗೊಳ್ಳುವ ಮೊದಲು ಎರಡು ಮುಂದಿನ ಟೈರಿಗೂ ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಆಕ್ಸಲ್ ಎತ್ತರದಲ್ಲಿ ಮುಂದುಗಡೆ ಒಮ್ಮೆ ಅಳೆಯಿರಿ. ಚಕ್ರ ಅರ್ಧ ಸುತ್ತಿಸಿ ಅದೇ ಗೆರೆ ಹಿಂದೆ ಬಂದಾಗ ಇನ್ನೊಮ್ಮೆ. ಮುಂದೆ ಒಂದೆರಡು ಮಿಲಿಮೀಟರ್ ಜಾಸ್ತಿ ಅಗಲ ಇದ್ದರೆ ಸಾಕು. ಆದರೆ ನೀವು ಸೀಟಿನಲ್ಲಿ ಕೂತಿರುವಾಗಲೇ ಅಳೆಯಬೇಕು. ಕೂತರೆ ಫ್ರೇಮು ಬಗ್ಗಿ ಅಳತೆ ಬದಲಾಗುತ್ತದೆ. ಇದಕ್ಕೂ ನಿಮ್ಮ ಹೆಂಡತಿಯನ್ನೇ ಕರೆಯಬೇಕಾಗುತ್ತದೆ, ಪಾಪ.

ಮಳೆ ಬಂದರೆ ಬೇರೆಯೇ ಕಥೆ. ಮುಂದಿನ ಎರಡು ಚಕ್ರಗಳ ಅಂತರ ಅಗಲ, ಹಿಂದಿನವುಗಳದ್ದು ಕಿರಿದು, ಕ್ಯಾಸ್ಟರ್ ಜಾಸ್ತಿ. ಕ್ಯಾಲಿಫೋರ್ನಿಯಾದವರಿಗೆ ಅದು ಯಾಕೆ, ಬಿಡಿ. ನಮ್ಮದು ಇಲ್ಲಿಯೂ ಮಳೆ, ಊರಲ್ಲೂ ಮಳೆ.

ಹೆಣ್ಣೂರು_ರೋಟ್ಯಾಕ್ಸ್:

ನಾನು ಬೆಂಗಳೂರಿನವಳು. ಮೆಕೊ ಕಾರ್ಟೋಪಿಯಾ ಟ್ರ್ಯಾಕಿನಲ್ಲಿ ರೋಟ್ಯಾಕ್ಸ್ ಎಂಜಿನ್ನಿನ ಕಾರ್ಟ್ ಓಡಿಸುತ್ತೇನೆ, ಅದಕ್ಕೆ ಗೇರ್ ಇಲ್ಲ. ಓದುತ್ತಾ ಎರಡು ಸಂದೇಹ ಬಂತು.

ಒಂದು, ಶಿಫ್ಟರ್‌ನಲ್ಲಿ ಕ್ಲಚ್ ಹಿಡಿಯದೆ ಗೇರ್ ಹಾಕುತ್ತಾರೆ ಅಂತಾರಲ್ಲ, ಗೇರ್‌ಬಾಕ್ಸ್ ಮುರಿಯುವುದಿಲ್ಲವಾ? ಎರಡು, ಜೆಟ್ ಮುಟ್ಟಲೇಬೇಡ ಅನ್ನುವುದು ಅತಿಯಾಗಲಿಲ್ಲವಾ? ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ಗಾಳಿ ತೆಳು. ಕೊಯಮತ್ತೂರಿನ ಕರಿ ಸ್ಪೀಡ್‌ವೇ ಇಷ್ಟು ಎತ್ತರದಲ್ಲಿಲ್ಲ. ಇಲ್ಲಿನ ಜೆಟ್ ಅಲ್ಲಿ ಹಾಕಿದರೆ ಆಗುವುದಿಲ್ಲ ಅಂತ ನಮಗೆ ಮೊದಲ ದಿನವೇ ಹೇಳಿಕೊಡುತ್ತಾರೆ.

ಯೆಜ್ಡಿ_ಗ್ಯಾರೇಜು:

ತಂಗಿ, ಎರಡನೆಯದು ಸರಿಯಾಗಿ ಹಿಡಿದೆ. ನಾನು ಹೇಳಿದ್ದು ತಿರುವಿನ ತೊಂದರೆಗೆ ಜೆಟ್ ಮುಟ್ಟಬೇಡ ಅಂತ. ಹವಾಮಾನಕ್ಕೆ ಮುಟ್ಟಲೇಬೇಕು. ಮುಟ್ಟದೆ ಎಂಜಿನ್ ಸೀಜ್ (ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುವುದು) ಮಾಡಿಕೊಂಡವನು ನಾನೇ.

ನನ್ನ ಎರಡನೇ ವರ್ಷ, ಫೆಬ್ರವರಿ. ಶನಿವಾರ ಮಧ್ಯಾಹ್ನ 24 ಡಿಗ್ರಿ ಸೆಲ್ಸಿಯಸ್, 175ರ ಮೇನ್ ಜೆಟ್‌ನಲ್ಲಿ (ನಂಬರ್ ದೊಡ್ಡದಾದಷ್ಟೂ ಪೆಟ್ರೋಲ್ ಜಾಸ್ತಿ) ಗಾಡಿ ಹಾರುತ್ತಿತ್ತು. ಭಾನುವಾರ ಬೆಳಗ್ಗೆ 6 ಡಿಗ್ರಿ. ಕಾಫಿ ಲೋಟದ ಮೇಲೆ ಹಬೆ. ನಿನ್ನೆ ಚೆನ್ನಾಗಿತ್ತಲ್ಲ ಅಂತ ಅದೇ ಜೆಟ್‌ನಲ್ಲಿ ಹೊರಗೆ ಹೋದೆ. ತಣ್ಣನೆಯ ಗಾಳಿ ಗಟ್ಟಿ, ಅದೇ ಪೆಟ್ರೋಲಿಗೆ ನೂರಕ್ಕೆ ಆರರಷ್ಟು ಜಾಸ್ತಿ ಗಾಳಿ ಒಳಗೆ ಬರುತ್ತದೆ. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಕಡಿಮೆ ಅಂದರೆ ಆಯಿಲ್ಲೂ ಕಡಿಮೆ. ನೇರ ರಸ್ತೆಯ ಕೊನೆಯಲ್ಲಿ ಎಂಜಿನ್ ಸದ್ದು ಸಣ್ಣಗೆ, ಚೂಪಾಗಿ ಕೇಳಿಸಿತು. ಏನು ಚೆನ್ನಾಗಿ ಓಡ್ತಾ ಇದೆ ಅಂದುಕೊಂಡೆ. ಮುಂದಿನ ಕ್ಷಣ ಹಿಂದಿನ ಎರಡೂ ಚಕ್ರ ಜಾಮ್. ಎಡಗೈ ಕ್ಲಚ್ ಹುಡುಕುವಷ್ಟರಲ್ಲಿ ಗಾಡಿ ಎರಡು ಸುತ್ತು ತಿರುಗಿ ಹುಲ್ಲಿನಲ್ಲಿತ್ತು.

ಚಿಕ್ಕಪ್ಪನ ಗ್ಯಾರೇಜಿನಲ್ಲಾದರೆ ಯೆಜ್ಡಿ ಸಿಲಿಂಡರ್ ಲೇತ್ ಅಂಗಡಿಗೆ ಕೊಟ್ಟು ಬೋರ್ ಮಾಡಿಸಿ, ಸಂಜೆಗೆ ದೊಡ್ಡ ಪಿಸ್ಟನ್ ಹಾಕಿ ಕಳಿಸುತ್ತಿದ್ದರು. ಈ ಸಿಲಿಂಡರಿನ ಒಳಗೆ ನಿಕಾಸಿಲ್ ಲೇಪ ಇದೆ, ಬೋರ್ ಮಾಡುವ ಹಾಗಿಲ್ಲ. ಪಾರ್ಸಲ್ ಮಾಡಿ ಮತ್ತೆ ಲೇಪ ಹಾಕಿಸಬೇಕು. ಮೂರು ವಾರ ಗಾಡಿ ಸ್ಟ್ಯಾಂಡ್ ಮೇಲೆ ಬಾಯಿ ತೆರೆದುಕೊಂಡು ನಿಂತಿತ್ತು. ಆ ಬೆಳಗ್ಗೆ 175 ತೆಗೆದು 180 ಹಾಕಿದ್ದರೆ ಸಾಕಾಗುತ್ತಿತ್ತು. ಐದು ನಿಮಿಷದ ಕೆಲಸ.

ಆದ್ದರಿಂದ ಹಾಸನದ ತಮ್ಮಾ, ಮುಂಚೆ ಹೇಳಿದ್ದನ್ನು ಸ್ವಲ್ಪ ತಿದ್ದುತ್ತೇನೆ. ಟ್ರ್ಯಾಕಿಗೆ ಹೋದ ದಿನ ಬೆಳಗ್ಗೆ ದೊಡ್ಡ ಜೆಟ್‌ನಿಂದ ಶುರು ಮಾಡು. ಸ್ವಲ್ಪ ಮಂಕಾಗಿ ಓಡಲಿ, ಪರವಾಗಿಲ್ಲ. ಪ್ಲಗ್ ಬಿಚ್ಚಿ ಬಣ್ಣ ನೋಡು, ಬಿಸಿಲೇರಿದ ಹಾಗೆ ಒಂದೊಂದೇ ನಂಬರ್ ಇಳಿಸು. ನೀರಿನ ಬಿಸಿ 120 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 50 ಬರುವವರೆಗೆ ಸ್ಟ್ಯಾಂಡ್ ಮೇಲೆ ಸಣ್ಣಗೆ ರೇಸ್ ಕೊಡು, ಆಮೇಲೆ ಹೊರಗೆ ಬಿಡು. ಚಳಿಗೆ ನೀರು ಬಿಸಿಯೇ ಆಗದಿದ್ದರೆ ರೇಡಿಯೇಟರಿನ ಅರ್ಧಕ್ಕೆ ಟೇಪ್ ಅಂಟಿಸು. ಆಯಿಲ್ ಎಷ್ಟು ಬೆರೆಸಬೇಕು ಅಂತ ಇಂಟರ್‌ನೆಟ್ ಕೇಳಬೇಡ, ನಿನ್ನ ಎಂಜಿನ್ ಕಟ್ಟಿದವರನ್ನು ಕೇಳು. ಊರಿನ ಪೆಟ್ರೋಲ್ ಬಂಕಿನಲ್ಲಿ ಟೂಟಿ ಆಯಿಲ್ ಪಂಪು ಎರಡು ಸಲ ಒತ್ತುತ್ತಿದ್ದರಲ್ಲ, ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಈಗ ಗೇರು. ತಂಗಿ, ಇದು ಬೈಕಿನ ಗೇರ್‌ಬಾಕ್ಸೇ. ಗೇರುಗಳು ಯಾವಾಗಲೂ ಕಚ್ಚಿಕೊಂಡೇ ಇರುತ್ತವೆ, ಪಕ್ಕದ ಹಲ್ಲು ಮಾತ್ರ ಜಾಗ ಬದಲಾಯಿಸುತ್ತದೆ. ಮೇಲಕ್ಕೆ ಹಾಕುವಾಗ ಲಿವರ್ ಎಳೆಯುವ ಅದೇ ಗಳಿಗೆಯಲ್ಲಿ ಆಕ್ಸಿಲರೇಟರನ್ನು ಕೂದಲೆಳೆಯಷ್ಟು ಬಿಟ್ಟರೆ ಸಾಕು, ‘ಕಟ್’ ಅಂತ ಕೂರುತ್ತದೆ. ಮುರಿಯುವುದು ಅರ್ಧಂಬರ್ಧ ಎಳೆದವರದ್ದು. ಎಳೆಯುವುದಾದರೆ ಧೈರ್ಯವಾಗಿ ಕೊನೆಯವರೆಗೆ ಎಳೆಯಬೇಕು. ಇಳಿಸುವಾಗ ಬ್ರೇಕ್ ಹಿಡಿದುಕೊಂಡೇ ಒಂದೊಂದಾಗಿ ತಳ್ಳಬೇಕು. ಐದರಿಂದ ಎರಡಕ್ಕೆ ಟಪಟಪ ತಳ್ಳಿದರೆ ಹಿಂದಿನ ಚಕ್ರ ಕುಣಿಯುತ್ತದೆ. ಕ್ಲಚ್ ಬೇಕಾಗುವುದು ಹೊರಡುವಾಗ, ಮತ್ತೆ ಗಾಡಿ ತಿರುಗಿ ನಿಂತಾಗ ಎಂಜಿನ್ ಆಫ್ ಆಗದಿರಲು. ಆಫ್ ಆದರೆ ತಳ್ಳಬೇಕು, ಇದಕ್ಕೆ ಸೆಲ್ಫೂ ಇಲ್ಲ ಕಿಕ್ಕರ್ರೂ ಇಲ್ಲ. ಯೆಜ್ಡಿಯಲ್ಲಿ ಕಿಕ್ಕರ್ ಲಿವರನ್ನೇ ಮಡಚಿದರೆ ಗೇರ್ ಲಿವರ್ ಆಗುತ್ತಿತ್ತು. ಅಂಥ ಜಾಣತನ ಇಟಲಿಯವರಿಗೂ ಹೊಳೆಯಲಿಲ್ಲ ನೋಡು.

ಇಷ್ಟೂ ಆದ ಮೇಲೆ ಒಂದು ಬೈಂಡ್ ಪುಸ್ತಕ ಇಡು. ಫೋನ್ ಬೇಡ, ಗ್ರೀಸ್ ಕೈಯಲ್ಲಿ ಫೋನ್ ಮುಟ್ಟುವುದಿಲ್ಲ, ಬರೆಯುವುದೂ ಇಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ. ಸೀಟ್ ಆದ ಮೇಲೂ ಮೂತಿ ಒಳಕ್ಕೆ ಬರದಿದ್ದರೆ ಆಗ ಕ್ಯಾಸ್ಟರ್ ಒಂದು ಹಂತ ಜಾಸ್ತಿ ಮಾಡು. ಕುಪ್ಪಳಿಸಿದರೆ ವಾಪಸ್ ಬಾ.

ಹಾಸನ_ಟು_ಫ್ರೀಮಾಂಟ್:

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಎಲ್ಲರೂ ಕೇಳಿಸಿಕೊಳ್ಳಿ.

ಸೀಟು ಒಂದು ಸೈಜ್ ಚಿಕ್ಕದು ತಗೊಂಡೆ. ಕೂರಿಸಲು ಎರಡು ಸಂಜೆ ಹಿಡಿಯಿತು. ಬಲಗಡೆ ಹಿಂದಿನ ಕಂಬಕ್ಕೂ ಸೀಟಿಗೂ 9 ಮಿಲಿಮೀಟರ್ ಸಂದು ಇತ್ತು. ಹಳೇ ಸೀಟನ್ನು ಅಲ್ಲಿ ಎಳೆದೇ ಬಿಗಿದಿದ್ದರು ಅನಿಸುತ್ತದೆ, ತೂತಿನ ಸುತ್ತ ಫೈಬರ್ ಬೆಳ್ಳಗೆ ಬಿರಿದಿತ್ತು. ವಾಷರ್ ತುಂಬಿದೆ. ತಕ್ಕಡಿಯಲ್ಲಿ ಮುಂದೆ 84, 82. ಹಿಂದೆ 107, 112. ಅಣ್ಣ ಹೇಳಿದ 166 ಕರೆಕ್ಟಾಗಿ ಬಂತು. ನಾನು ಕೂಗಿದ್ದಕ್ಕೆ ಪಕ್ಕದ ಮನೆಯವರು ಬಂದು ನೋಡಿಕೊಂಡು ಹೋದರು.

ಮೊನ್ನೆ ಶನಿವಾರ ಸೊನೋಮಾ. ಬೆಳಗ್ಗೆ ಮಂಜು, 9 ಡಿಗ್ರಿ. 182ರಲ್ಲಿ ಶುರು ಮಾಡಿ ಮಧ್ಯಾಹ್ನಕ್ಕೆ 178ಕ್ಕೆ ಬಂದೆ. ಬೇರೆ ಏನೂ ಮುಟ್ಟಲಿಲ್ಲ. ಹೇರ್‌ಪಿನ್‌ನಲ್ಲಿ ಎರಡನೇ ಗೇರಿಗೆ ಇಳಿಸಿದೆ, ‘ಬ್ವಾಆ’ ಮಾಯ. ಮೊದಲೆರಡು ಸಲ ಗಾಬರಿಯಲ್ಲಿ ಒಂದನೆಯದಕ್ಕೆ ಹೋಗಿ ಗಾಡಿ ತಿರುಗಿ ನಿಂತಿತು, ಎರಡೂ ಸಲ ಯಾರೋ ತಳ್ಳಿದರು. ಸ್ನೇಹಿತ ಹೇರ್‌ಪಿನ್ ಹತ್ತಿರ ನೆಲಕ್ಕೆ ಕೂತು ವಿಡಿಯೋ ಮಾಡಿದ. ನಿಧಾನ ಮಾಡಿ ನೋಡಿದರೆ ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಒಳಗಿನ ಹಿಂದಿನ ಚಕ್ರದ ಕೆಳಗೆ ಒಂದು ಬೆಳಕಿನ ಗೆರೆ. ನಿಜವಾಗಿಯೂ ಒಂದು ರಟ್ಟಿನಷ್ಟೇ. ಅದನ್ನು ಹತ್ತು ಸಲ ನೋಡಿದ್ದೇನೆ.

ಹಳೇ ಟೈರಿನಲ್ಲೇ ಲ್ಯಾಪು 1.8 ಸೆಕೆಂಡ್ ಬೇಗ ಬಂತು. ಹದಿನೈದು ಲ್ಯಾಪ್ ಆದರೂ ಕೈ ಇತ್ತು. ಪಕ್ಕೆಲುಬು ಇನ್ನೂ ಸ್ವಲ್ಪ ನೋಯುತ್ತದೆ, ಎಡಗಡೆ ಮಾತ್ರ. 800ರಲ್ಲಿ ಇನ್ನೂ ಅರ್ಧಕ್ಕಿಂತ ಜಾಸ್ತಿ ಉಳಿದಿದೆ, ಈ ವಿಷಯ ಮನೆಯಲ್ಲಿ ಇನ್ನೂ ಹೇಳಿಲ್ಲ. ಗಾಡಿಯ ಫೋಟೋ ಹಾಕಿದ್ದೇನೆ ನೋಡಿ.

ಉಡುಪಿ_ಕೆಝಡ್:

ಭಾರೀ ಲಾಯ್ಕ ಆಯ್ತು ಮಾರಾಯ್ರೇ. ಉಳಿದ ದುಡ್ಡು ಪಿಸ್ಟನ್ನಿಗೆ ಎತ್ತಿಡಿ. ಎಂಜಿನ್ ಎಷ್ಟು ಗಂಟೆ ಓಡಿದೆ ಅಂತ ಇವತ್ತಿನಿಂದಲೇ ಬರೆದಿಡಿ.

ಯೆಜ್ಡಿ_ಗ್ಯಾರೇಜು:

ವಿಡಿಯೋ ನೋಡಿದೆ. ಚಕ್ರ ಸರಿಯಾಗಿ ಏಳುತ್ತಿದೆ. ಬಲ ತಿರುವಿನದ್ದೂ ಒಂದು ವಿಡಿಯೋ ಮಾಡಿಸು, ಪಕ್ಕೆಲುಬು ಎಡಗಡೆ ಮಾತ್ರ ಯಾಕೆ ನೋಯುತ್ತದೆ ಅಂತ ಅದರಲ್ಲಿ ಗೊತ್ತಾಗಬಹುದು.

ಮತ್ತೆ, ಫೋಟೋದಲ್ಲಿ ಸೀಟಿನ ತುಟಿಗೆ ಹಾಕಿದ ಸೀಸ ದೊಡ್ಡದು ಮಾಡಿ ನೋಡಿದೆ. ಬೋಲ್ಟಿಗೆ ಒಂದೇ ನಟ್ ಕಾಣಿಸುತ್ತಿದೆ. ಎರಡು ಹಾಕು. ಇವತ್ತೇ ಹಾಕು.